ಮೇಸ್ತ್ರಿಯ ದಾರದ ಗುಂಟ ಟೊಮೆಟೊ ಸಸಿ

ಗೋಂದತ್ತೆಯ ವಿಷಯ ಹೇಳು ಅಂತ ಕೇಳಿದ್ದೀಯ, ಹೇಳುತ್ತೇನೆ. ಆದರೆ ಹೇಳುವಾಗ ನನಗೆ ಮೈ ಉರಿಯುತ್ತದೆ, ಅದನ್ನು ಮೊದಲೇ ತಿಳಿಸಿಬಿಡುತ್ತೇನೆ. ಎಷ್ಟೋ ವರ್ಷಗಳಾದವು, ಆ ಇಬ್ಬರು ಗಂಡಸರಲ್ಲಿ ಒಬ್ಬರೂ ಈಗ ಉಳಿದಿಲ್ಲ, ಆದರೂ ಆ ಸಂಜೆ ನೆನಪಾದರೆ ಇಬ್ಬರನ್ನೂ ಕಿವಿ ಹಿಡಿದು ಎಳೆತಂದು ಹಿತ್ತಿಲಲ್ಲಿ ನಿಲ್ಲಿಸಬೇಕು ಅನ್ನಿಸುತ್ತದೆ. ಇಬ್ಬರಲ್ಲಿ ಒಬ್ಬರು ನಿನ್ನ ತಾತ. ನನ್ನ ಗಂಡ. ಅಲ್ಲೇ ಇರುವುದು ತೊಡಕು.

ಗೋಂದತ್ತೆ ನಿನ್ನ ತಾತನ ತಂಗಿ, ನನ್ನ ನಾದಿನಿ, ನಿನ್ನ ಅಪ್ಪನಿಗೆ ಸೋದರತ್ತೆ. ಅಣ್ಣ ಒಬ್ಬ, ತಮ್ಮ ಒಬ್ಬ, ನಡುವೆ ಇವಳು. ಛಾಪಖಾನೆಯಲ್ಲಿ ಬೈಂಡಿಂಗ್ ಕೆಲಸ. ಹಾಳೆ ಮಡಚುವುದು, ಸೂಜಿ ಹಾಕಿ ಹೊಲಿಯುವುದು, ಪುಸ್ತಕದ ಬೆನ್ನಿಗೆ ಗೋಂದು ಬಳಿಯುವುದು. ನಾನು ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗಾಗಲೇ ಅವಳು ಆ ಕೆಲಸದಲ್ಲಿ ಹಳಬಳು. ಎಷ್ಟು ಸಲ ಕೈ ತೊಳೆದರೂ ಬೆರಳಿಗೆ ಗೋಂದಿನ ವಾಸನೆ ಇದ್ದೇ ಇರುತ್ತಿತ್ತು. ನಿನ್ನ ಅಪ್ಪ ಮಾತು ಕಲಿಯುವಾಗ ಅವಳ ಕೈ ಮೂಸಿ ನೋಡಿ ಇಟ್ಟ ಹೆಸರು ಅದು. ಅವಳಿಗೆ ಬೇಸರವೇನೂ ಆಗಲಿಲ್ಲ. "ಅಂಟಿಕೊಂಡ ಹೆಸರು, ಇನ್ನು ಬಿಡಲ್ಲ" ಅಂದಳು.

ಮದುವೆ ಯಾಕೆ ಆಗಲಿಲ್ಲ ಅಂತ ನೀನು ಕೇಳುವ ಮೊದಲೇ ಹೇಳುತ್ತೇನೆ, ಎಲ್ಲರೂ ಅದನ್ನೇ ಕೇಳುತ್ತಾರೆ. ಮಾವನವರು ಹಾಸಿಗೆ ಹಿಡಿದರು, ಅವರು ಹೋದ ಮೇಲೆ ಅತ್ತೆ ಹಿಡಿದರು. ಹಗಲು ಛಾಪಖಾನೆ, ಸಂಜೆ ಇವರ ಆರೈಕೆ. ಗಂಡು ನೋಡಬೇಕಾದವರು ಅಣ್ಣ ತಮ್ಮ. ಅವರಿಗೆ ಪುರುಸೊತ್ತು ಇರಲಿಲ್ಲವಂತೆ. ಬೇಕಾದ್ದಕ್ಕೆಲ್ಲ ಪುರುಸೊತ್ತಿತ್ತು, ಕಟ್ಟೆಯ ಮೇಲೆ ಕೂತು ಇಸ್ಪೀಟು ಆಡುವುದಕ್ಕೂ ಇತ್ತು. ಹೋಗಲಿ ಬಿಡು, ಆ ದಾರಿ ಹಿಡಿದರೆ ಇವತ್ತು ಮುಗಿಯುವುದಿಲ್ಲ.

ಅವಳ ಸ್ವಭಾವ ಒಂದು ಹೇಳಬೇಕು. ಸಿಟ್ಟು ಬಂದರೆ ನಾನು ಪಾತ್ರೆ ಕುಕ್ಕುತ್ತೇನೆ, ನಿನಗೇ ಗೊತ್ತು. ಅವಳು ಹಾಗಲ್ಲ. ಸಿಟ್ಟು ಬಂದರೆ ಮಡಚುತ್ತಿದ್ದಳು. ಕೈಗೆ ಸಿಕ್ಕ ಬಟ್ಟೆ, ಕಾಗದ, ಚೀಲ, ಏನಾದರೂ ಸರಿ, ಅಂಚಿಗೆ ಅಂಚು ಕೂಡಿಸಿ, ಉಗುರಿನಿಂದ ಗೀಚಿ, ಮಡಚಿ ಮಡಚಿ ಇಡುತ್ತಿದ್ದಳು. ಮನೆಯಲ್ಲಿ ಟವೆಲ್‌ಗಳೆಲ್ಲ ಪುಸ್ತಕದ ಹಾಗೆ ಸಾಲಾಗಿ ನಿಂತಿವೆ ಅಂದರೆ ಅವತ್ತು ಅವಳ ಹತ್ತಿರ ಹೋಗಬಾರದು ಅಂತ ಅರ್ಥ.

ಮನೆಯ ಹಿಂದೆ ಹಿತ್ತಿಲು, ಹಿತ್ತಿಲಿನ ಕೊನೆಗೆ ಒಂದು ಕೋಣೆ. ಮೊದಲು ಸೌದೆ ತುಂಬುವ ಕೋಣೆಯಾಗಿತ್ತು, ಅತ್ತೆ ಹೋದ ಮೇಲೆ ಅದನ್ನು ತೊಳೆದು ಸುಣ್ಣ ಬಳಿದು ಅವಳು ಅಲ್ಲಿಗೆ ಹೋದಳು. ಬಾಗಿಲು ತೆಗೆದರೆ ಎದುರಿಗೇ ಹಿತ್ತಿಲು, ಬೆನ್ನ ಹಿಂದೆ ಓಣಿ. ಆ ಹಿತ್ತಿಲನ್ನು ಮಾಡಿದವಳು ಅವಳು. ನಾವೆಲ್ಲ ಒಡೆದ ಬಕೆಟ್ಟು, ತುಕ್ಕು ಹಿಡಿದ ಕುರ್ಚಿ ಎಸೆಯುತ್ತಿದ್ದ ಜಾಗ ಅದು. ಕಲ್ಲು ಆರಿಸಿದಳು, ಹೊತ್ತು ತಂದು ಗೊಬ್ಬರ ಸುರಿದಳು, ಪಾತಿ ಮಾಡಿದಳು. ಚಳಿ ಇರುವಾಗಲೇ ಕಿಟಕಿಯ ಹತ್ತಿರ ಬೀಜ ಹಾಕುತ್ತಿದ್ದಳು. ಅದಕ್ಕೆ ಕುಂಡ ಯಾವುದು ಅಂತೀಯ? ಛಾಪಖಾನೆಯಲ್ಲಿ ಕೆಟ್ಟುಹೋದ ಹಾಳೆಗಳು. ಅವನ್ನು ಲೋಟದ ಆಕಾರಕ್ಕೆ ಮಡಚಿ, ಮಣ್ಣು ತುಂಬಿ, ಒಂದೊಂದರಲ್ಲಿ ಒಂದೊಂದು ಬೀಜ. ನೆಡುವಾಗ ಕಾಗದದ ಸಮೇತ ಗುಣಿಗೆ ಇಟ್ಟರಾಯಿತು, ಬೇರಿಗೆ ಕೈ ಸೋಕುವುದಿಲ್ಲ, ಕಾಗದ ತಾನೇ ಕರಗುತ್ತದೆ. ಒಂದು ವರ್ಷ ನಮ್ಮ ಬದನೆ ಸಸಿಗಳೆಲ್ಲ ಯಾವುದೋ ಕಾಲೇಜಿನ ಗಣಿತದ ಪ್ರಶ್ನೆಪತ್ರಿಕೆ ಸುತ್ತಿಕೊಂಡು ಬೆಳೆದವು. "ಅದಕ್ಕೇ ಅತ್ತಿಗೆ, ತೊಟ್ಟಿಗೆಲ್ಲ ಮುಳ್ಳು" ಅಂತ ನಗಿಸಿದ್ದಳು.

ಅತ್ತೆ ಹೋದ ಮೇಲೆ ಅಣ್ಣ ತಮ್ಮಂದಿರು ಮನೆ ಭಾಗ ಮಾಡಿಕೊಂಡರು. ಒಳಗಿನ ಕೋಣೆಗಳು ಹೇಗೋ ಹಂಚಿಕೆಯಾದವು. ಹಿತ್ತಿಲು ಉಳಿಯಿತು. ಹಿತ್ತಿಲಿಗೆ ಗೋಡೆ ಬೇಕು ಅಂತ ಜಗಳ ಎದ್ದದ್ದು ಒಂದು ಬಟ್ಟೆ ಒಣಗಿಸುವ ತಂತಿಯಿಂದ. ನಿನ್ನ ತಾತನ ಒದ್ದೆ ಅಂಗಿ ನನ್ನ ಮೈದುನನ ಸ್ಕೂಟರ್ ಸೀಟಿನ ಮೇಲೆ ತೊಟ್ಟಿಕ್ಕಿತು. ಅಷ್ಟೇ. ಅಷ್ಟಕ್ಕೆ ಇಬ್ಬರು ಮೀಸೆ ಬಂದ ಗಂಡಸರು ಒಂದು ತಿಂಗಳು ಮುಖ ತಿರುಗಿಸಿಕೊಂಡು ಓಡಾಡಿದರು, ಆಮೇಲೆ ಮಾತಾಡಿದ್ದು ಗೋಡೆಯ ಮಾತು.

ಚಳಿ ಪೂರ್ತಿ ಹೋಗಿ ಮರಗಳೆಲ್ಲ ಚಿಗುರೊಡೆದ ದಿನಗಳು. ಒಂದು ರಜೆಯ ದಿನ ಮಧ್ಯಾಹ್ನ ಅಳತೆ ಶುರುವಾಯಿತು. ಇದನ್ನು ನೀನು ನೋಡಬೇಕಿತ್ತು. ನಿನ್ನ ತಾತ ಬಟ್ಟೆ ಅಂಗಡಿಯಲ್ಲಿ ಜೀವನವೆಲ್ಲ ಮೀಟರ್ ಕಡ್ಡಿ ಹಿಡಿದವರು, ಮೈದುನ ಲೇತ್ ಕಾರ್ಖಾನೆಯವನು. ಇವರು ಗಿರಾಕಿಗೆ ಬಿಡುವ ಹಾಗೆ ಕಡ್ಡಿಗೊಂದು ಬೆರಳು ಹೆಚ್ಚಿಗೆ ಬಿಡುತ್ತಾ ಬಂದರು, ಬಿಟ್ಟದ್ದೆಲ್ಲ ತಮ್ಮ ಕಡೆಗೆ. ಅವನು ಕೂದಲೆಳೆ ವ್ಯತ್ಯಾಸ ಬಂದರೆ ಕಬ್ಬಿಣವನ್ನೇ ಮೂಲೆಗೆ ಎಸೆಯುವವನು, ಉಕ್ಕಿನ ಟೇಪು ತಂದು ಮೊದಲಿನಿಂದ ಅಳೆದ.

"ಅಣ್ಣ, ನಿನ್ನ ಕಡ್ಡಿ ಸೀರೆಗೆ ಸರಿ. ನೆಲಕ್ಕಲ್ಲ."

"ನನ್ನ ಕಡ್ಡೀಲಿ ಅಳೆದ ಬಟ್ಟೆ ಊರೆಲ್ಲ ಹಾಕ್ಕೊಂಡಿದೆ. ಯಾರಿಗೂ ಕುತ್ತಿಗೆ ಬಿಗಿಯಾಗಿಲ್ಲ."

"ಊರಿನವರ ಕುತ್ತಿಗೆ ಹಾಗಿರ್ಲಿ. ನನ್ನ ಕುತ್ತಿಗೆ ಬಿಗೀಬೇಡ."

ಗೋಡೆ ಕಟ್ಟಲು ಕರೆಸಿದ್ದ ಮೇಸ್ತ್ರಿ ಒಂದು ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಾ ಇಬ್ಬರನ್ನೂ ನೋಡುತ್ತಿದ್ದ. ಟೇಪಿನ ತುದಿ ಹಿಡಿಯಲು ಒಬ್ಬರು ಬೇಕಾಯಿತು. ಯಾರನ್ನು ಕರೆದರು ಹೇಳು. ಗೋಂದತ್ತೆಯನ್ನು. "ಅಕ್ಕ, ಇಲ್ಲಿ ಹಿಡ್ಕೋ. ಅಲ್ಲಾಡಿಸ್ಬೇಡ." ಅವಳು ಹಿಡಿದಳು. ಅಲ್ಲಾಡಿಸಲಿಲ್ಲ. ಇಬ್ಬರೂ ಸೇರಿ ಹಿತ್ತಿಲನ್ನು ಸರಿಯಾಗಿ ಎರಡು ಭಾಗ ಮಾಡಿದರು. ಒಂದು ನೂಲಿನಷ್ಟು ಅತ್ತಿತ್ತ ಇಲ್ಲ. ಹೊಟ್ಟೆಪಾಡಿಗೆ ಅಳೆಯುವುದನ್ನೇ ಕಲಿತ ಇಬ್ಬರು ಬುದ್ಧಿವಂತರು, ಮೂರು ಜನ ಮಕ್ಕಳ ಮನೆಯನ್ನು ಎರಡರಿಂದ ಭಾಗಿಸಿ, ಲೆಕ್ಕ ಸರಿಹೋಯಿತು ಅಂತ ಕೈ ಒರೆಸಿಕೊಂಡರು. ಬೇರೆ ಯಾರ ಮನೆಯಲ್ಲಾದರೂ ಮರೆತರೆ ಮರೆವು ಅನ್ನಬಹುದು. ಇವರ ಮರೆವಿಗೆ ಏನನ್ನೋಣ? ತುದಿ ಹಿಡಿದು ನಿಂತವಳನ್ನೇ ಮರೆತವರು.

ಮೇಸ್ತ್ರಿ ಈ ಮನೆಯ ಹಿಂಗೋಡೆಯ ಹತ್ತಿರ ಒಂದು ಗೂಟ ಹೊಡೆದು ದಾರ ಕಟ್ಟಿದ. ಹಿತ್ತಿಲಿನ ಉದ್ದಕ್ಕೂ ದಾರ ಎಳೆದುಕೊಂಡು ಹೋದ. ಆ ಕಡೆ ತುದಿ ಎಲ್ಲಿಗೆ ಬಂತು ಗೊತ್ತೇ? ಗೋಂದತ್ತೆಯ ಕೋಣೆಯ ಬಾಗಿಲಿಗೆ. ಹೊಸ್ತಿಲಿನ ನಟ್ಟನಡುವಿಗೆ. ಅಷ್ಟು ಚೆನ್ನಾಗಿ ಅಳೆದಿದ್ದರು. ಅವನು ಅಲ್ಲೊಂದು ಮೊಳೆ ಹೊಡೆದು ದಾರ ಬಿಗಿದ. ಗೋಡೆ ಎದ್ದರೆ ಅವಳು ಬಾಗಿಲು ತೆಗೆದು ಹೊರಗೆ ಕಾಲಿಡುವ ಹಾಗಿಲ್ಲ, ಮೂಗಿಗೆ ಇಟ್ಟಿಗೆ ತಗಲುತ್ತದೆ.

ಅವಳು ಆ ಮೊಳೆಯನ್ನು ಸ್ವಲ್ಪ ಹೊತ್ತು ನೋಡಿದಳು. "ಅಣ್ಣ, ಇದು ನನ್ನ ಬಾಗಿಲು" ಅಂದಳು.

ಇಬ್ಬರೂ ಆಗಲೇ ನೋಡಿದ್ದು. ನಿನ್ನ ತಾತ ತಲೆ ಕೆರೆದುಕೊಂಡು, "ಅದಕ್ಕೇನಂತೆ, ಬಾಗಿಲನ್ನ ಪಕ್ಕದ ಗೋಡೆಗೆ ತಿರುಗಿಸೋಣ. ನನ್ನ ಕಡೆಗೆ ಇಡೋಣ, ಅತ್ತಿಗೆ ಇರ್ತಾಳೆ" ಅಂದರು.

"ನಿನ್ನ ಕಡೆ ಯಾಕೆ? ಅಕ್ಕ ನನ್ನ ಜೊತೆ ಇರ್ಲಿ, ನನ್ನ ಕಡೆ ಇಡೋಣ" ಅಂದ ಮೈದುನ.

ಅದಕ್ಕೂ ಜಗಳ. ಬಾಗಿಲು ಯಾರ ಕಡೆಗೆ ಅಂತ. ಸ್ಕೂಟರ್ ಎಲ್ಲಿ ನಿಲ್ಲಿಸೋಣ ಅಂದ ಹಾಗೆ ಇತ್ತು ಅವರ ಮಾತು. ಅವಳು ತನ್ನ ಕೋಣೆಯೊಳಗೆ ಹೋದಳು. ನಾನು ಹಿಂದೆಯೇ ಹೋಗಿ ನೋಡಿದರೆ ಮಂಚದ ಮೇಲೆ ಕೂತು ಕಾಗದ ಮಡಚುತ್ತಿದ್ದಳು. ಹೊಸದಾಗಿ ನೆಟ್ಟ ಸಸಿಗೆ ಬಿಸಿಲು ತಾಗದ ಹಾಗೆ ಮರುದಿನ ಮುಚ್ಚುವ ಕಾಗದದ ಟೋಪಿಗಳು. ಉಗುರಿನಿಂದ ಅಂಚು ಗೀಚುವ ಸದ್ದು ಕೇಳಿದರೆ ಚಾಕು ಮಸೆದ ಹಾಗಿತ್ತು.

"ಏನ್ ಮಾಡ್ತೀಯ ಈಗ?" ಅಂದೆ.

"ಸಸಿ ಬೆಳೆದು ನಿಂತಿವೆ ಅತ್ತಿಗೆ. ಇವತ್ತು ನೆಡ್ಬೇಕು. ಅವು ಯಾರ ಜಗಳಕ್ಕೂ ಕಾಯಲ್ಲ."

ಬಿಸಿಲು ಇಳಿದ ಮೇಲೆ ನೆಡುವುದು ಅವಳ ರೂಢಿ, ರಾತ್ರಿಯ ತಂಪಿನಲ್ಲಿ ಸಸಿ ಹೊಸ ಮಣ್ಣಿಗೆ ಒಗ್ಗಿಕೊಳ್ಳಲಿ ಅಂತ. ಹೊರಗೆ ಬಂದು ತಟ್ಟೆಗಳಲ್ಲಿದ್ದ ಕಾಗದದ ಲೋಟಗಳಿಗೆಲ್ಲ ನೀರು ಹನಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಪಾತಿಯ ಕಡೆ ಹೋಗುತ್ತಾಳೆ ಅಂತ ನಾನು ನೋಡುತ್ತಿದ್ದರೆ, ಅವಳು ನೇರವಾಗಿ ತನ್ನ ಹೊಸ್ತಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಆ ದಾರದ ಕೆಳಗೇ ಗುದ್ದಲಿಯ ಮೊನೆ ಊರಿದಳು. ಒಂದು ಗುಣಿ. ಗೇಣಳತೆ ಬಿಟ್ಟು ಇನ್ನೊಂದು. ಟೊಮೆಟೊ ಸಸಿಯನ್ನು ಕೆಳಗಿನ ಎಲೆ ಚಿವುಟಿ, ಕುತ್ತಿಗೆಯವರೆಗೆ ಆಳಕ್ಕೆ ಇಳಿಸಿ, ಮಣ್ಣು ಎಳೆದು, ಬೆರಳ ಗೆಣ್ಣುಗಳಿಂದ ಒತ್ತಿದಳು. ಆಮೇಲೆ ಮೆಣಸಿನ ಸಸಿ. ಅದನ್ನು ಆಳಕ್ಕೆ ಹಾಕಬಾರದು, ತಟ್ಟೆಯಲ್ಲಿ ಎಷ್ಟು ಹೂತಿತ್ತೋ ಅಷ್ಟೇ. ಒತ್ತುವ ರೀತಿ ನೋಡಿದರೆ ಮಣ್ಣಿನ ಕೆಳಗೆ ಯಾರದೋ ಗಂಟಲು ಸಿಕ್ಕಿದ ಹಾಗಿತ್ತು. ಆದರೆ ಒಂದು ಎಲೆ ಮುರಿಯಲಿಲ್ಲ.

ಮೇಸ್ತ್ರಿ ನಲ್ಲಿಯ ಹತ್ತಿರ ಕರಣೆ ತೊಳೆಯುತ್ತಿದ್ದವನು ತಿರುಗಿ ನೋಡಿದ.

"ಅಮ್ಮ, ಅದು ನನ್ನ ದಾರ."

"ಗೊತ್ತು."

"ಅಲ್ಲಿ ಬೆಳಿಗ್ಗೆ ಪಾಯ ತೋಡ್ತೀವಿ."

"ನಾನೂ ದಾರ ಕಟ್ಟೇ ನೆಡೋದು. ನೀವು ಆಗ್ಲೇ ಕಟ್ಟಿದೀರ, ಸುಮ್ನೆ ಯಾಕೆ ಇನ್ನೊಂದು? ಚೆನ್ನಾಗಿ ಬಿಗಿದಿದೀರ."

ಮೇಸ್ತ್ರಿ ಹೊಗಳಿಕೆಗೆ ಖುಷಿಯಾಗಬೇಕೋ ಬೇಡವೋ ತಿಳಿಯದೆ ಮನೆಯ ಕಡೆ ಮುಖ ಮಾಡಿ, "ಸಾರ್, ಸ್ವಲ್ಪ ಬನ್ನಿ" ಅಂತ ಕರೆದ.

ಬಂದರು ಇಬ್ಬರೂ. ಒಂದು ತಿಂಗಳಿಂದ ಒಟ್ಟಿಗೆ ಒಂದು ಬಾಗಿಲಿನಿಂದ ಹೊರಗೆ ಬರದವರು ಆವತ್ತು ಹೆಗಲಿಗೆ ಹೆಗಲು ತಾಗಿಸಿಕೊಂಡು ಬಂದರು. ಅಷ್ಟು ಹೊತ್ತಿಗೆ ಅವಳು ಅರ್ಧ ದಾರ ಮುಗಿಸಿದ್ದಳು.

"ಏನಿದು ನಿನ್ನ ಹುಚ್ಚಾಟ? ಇಷ್ಟು ಜಾಗ ಬಿದ್ದಿದೆ, ಗೋಡೆ ಬರೋ ಕಡೆನೇ ಬೇಕಾ?" ಅಂದರು ನಿನ್ನ ತಾತ.

"ಇಷ್ಟು ಜಾಗ ಯಾರ್ದು ಅಣ್ಣ?"

"ಈ ಕಡೆ ನಂದು, ಆ ಕಡೆ ಅವನ್ದು. ಎರಡೂ ಕಡೆ ನಿಂದೇ ಅಂದ್ಕೋ."

"ಅಂದ್ಕೊಳ್ಳೋದು ಬೇಡ. ನಿನ್ನ ಕಡೆ ನೆಟ್ರೆ ನಿನ್ನ ಸೊಸೆ ಮುಂದೆ ಕೇಳ್ತಾಳೆ, ಅವನ ಕಡೆ ನೆಟ್ರೆ ಅವನ ಮಕ್ಕಳು ಕೇಳ್ತಾರೆ. ಇಬ್ರದ್ದೂ ಅಲ್ಲದ ಜಾಗ ಇದೊಂದೇ ಇದೆ, ಈ ದಾರದಷ್ಟು ಅಗಲ. ಇಲ್ಲೇ ನೆಡ್ತೀನಿ."

ಮೈದುನನಿಗೆ ರೇಗಿತು. ಅವನು ಮೊದಲಿನಿಂದಲೂ ಮುಂಗೋಪಿ. ದಾರ ದಾಟಿ ಬಂದು, ಬಗ್ಗಿ, ಒಂದು ಟೊಮೆಟೊ ಸಸಿಯನ್ನು ಕಾಗದದ ಸಮೇತ ಕಿತ್ತೇಬಿಟ್ಟ. ಅವಳು ಎದ್ದು ನಿಲ್ಲಲೂ ಇಲ್ಲ. ಮುಂದಿನ ಗುಣಿ ತೋಡುತ್ತಲೇ ಹೇಳಿದಳು.

"ಕಿತ್ಯಲ್ಲ, ಒಳ್ಳೇದಾಯ್ತು. ಬೇರು ಒಣಗ್ತಿದೆ, ಬೇಗ ನೆಡು. ಎಲ್ಲಿ ನೆಡ್ಬೇಕು ಅಂತ ನೀನೇ ಹೇಳು."

ಅವನು ಸಸಿ ಹಿಡಿದುಕೊಂಡು ತನ್ನ ಕಡೆ ನೋಡಿದ. ಅಲ್ಲಿ ನೆಟ್ಟರೆ ಅಣ್ಣ ಸುಮ್ಮನಿರುತ್ತಾನೆಯೇ, ಅಕ್ಕನನ್ನು ತನ್ನ ಕಡೆ ಎಳೆದುಕೊಂಡ ಅನ್ನುತ್ತಾನೆ. ಅಣ್ಣನ ಕಡೆ ನೋಡಿದ. ಅಲ್ಲಿ ನೆಟ್ಟರೆ ಹೆಂಡತಿ ಕಿಟಕಿಯಲ್ಲೇ ನಿಂತಿದ್ದಾಳೆ. ಒಂದು ಹೆಜ್ಜೆ ಅತ್ತ, ಒಂದು ಹೆಜ್ಜೆ ಇತ್ತ. ಅಷ್ಟು ದೊಡ್ಡ ಗಂಡಸು, ಕೈಯಲ್ಲಿ ಗೇಣುದ್ದದ ಸಸಿ, ಇಡಲು ಜಾಗವಿಲ್ಲ. ಕಾಗದದಿಂದ ನೀರು ಇಳಿದು ಅವನ ಮೊಣಕೈಗೆ ಹರಿಯಿತು. ಮೇಸ್ತ್ರಿ ಮುಖ ತಿರುಗಿಸಿಕೊಂಡು ಕೆಮ್ಮಿದ, ಅದು ಕೆಮ್ಮಲ್ಲ ಅಂತ ನನಗೆ ಗೊತ್ತು.

"ಒಂದು ಗಿಡಕ್ಕೆ ಜಾಗ ತೋರ್ಸೋಕೆ ಆಗ್ತಿಲ್ಲ ನಿಂಗೆ. ನನಗೆ ತೋರಿಸ್ತೀಯ?" ಅಂದಳು ಅವಳು.

ನನಗೆ ಆಗ ತಡೆಯಲಿಲ್ಲ. ಚಪ್ಪಲಿ ಬಿಟ್ಟು ಇಳಿದು ಹೋಗಿ ಇನ್ನೊಂದು ತಟ್ಟೆ ತೆಗೆದುಕೊಂಡೆ. ಮನೆಯ ಕಡೆಯ ಗೂಟದಿಂದ ನಾನು ಶುರು ಮಾಡಿದೆ, ಅವಳು ಆ ಕಡೆಯಿಂದ ಬರುತ್ತಿದ್ದಳು. ನನಗೆ ಅವಳ ಹಾಗೆ ನಾಜೂಕು ಬರುವುದಿಲ್ಲ. ನನ್ನ ಸಸಿಗಳು ಕುಡಿದವರ ಹಾಗೆ ವಾಲಿಕೊಂಡು ನಿಂತವು.

"ನೀನೂನಾ?" ಅಂದರು ನಿನ್ನ ತಾತ.

"ನಾನೂನೇ. ನಾಳೆ ನಿಮಗೇನಾದ್ರೂ ಆದ್ರೆ ನನ್ನ ಬಾಗಿಲನ್ನ ಯಾರ ಕಡೆ ತಿರುಗಿಸ್ತಾರೆ ಅಂತ ಈಗ್ಲೇ ತಿಳ್ಕೊಂಡಿರ್ತೀನಿ" ಅಂದೆ. ಅದಾದ ಮೇಲೆ ಅವರು ನನ್ನ ಕಡೆ ನೋಡಲಿಲ್ಲ.

ತಂಗಿಯ ಕಡೆ ತಿರುಗಿ ದನಿ ಇಳಿಸಿ, "ನೋಡಮ್ಮ, ನಾವು ನಿನ್ನ ನೋಡ್ಕೊಳ್ಳಲ್ಲ ಅಂದ್ವಾ? ಯಾವತ್ತಾದ್ರೂ ಅಂದಿದೀವಾ?" ಅಂದರು. ಈ ಮಾತು ಬಾರದೆ ಇದ್ದಿದ್ದರೆ ಅವಳು ಇನ್ನೂ ಸುಮ್ಮನಿರುತ್ತಿದ್ದಳೋ ಏನೋ. ಗುದ್ದಲಿ ಕೆಳಗಿಟ್ಟು ಎದ್ದಳು. ಸೀರೆಯ ಮೊಣಕಾಲ ಮೇಲೆಲ್ಲ ಕೆಸರು. ದನಿ ಏರಲಿಲ್ಲ, ಒಂದೊಂದು ಮಾತನ್ನೂ ಅಂಚು ಕೂಡಿಸಿ ಮಡಚಿದ ಹಾಗೆ ಇಟ್ಟಳು.

"ಅಪ್ಪನ್ನ ಮಗ್ಗುಲು ತಿರುಗಿಸಿದ್ದು ನಾನು. ಅಮ್ಮನ್ನ ಎತ್ತಿ ಕೂರಿಸಿದ್ದು ನಾನು. ಆಗ ಆ ಹಾಸಿಗೆ ಯಾರ ಭಾಗದಲ್ಲಿತ್ತು ಅಂತ ನೀವ್ಯಾರೂ ಟೇಪು ಹಿಡ್ಕೊಂಡು ಬರ್ಲಿಲ್ಲ. ನನ್ನನ್ನ ನೋಡ್ಕೊಳ್ಳೋದು ಬೇಡ ಅಣ್ಣ. ನನ್ನನ್ನ ಎಣಿಸಿ. ನಾವು ಮೂರು ಜನ."

ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿತು.

"ಸರಿ," ಅಂದ ಮೈದುನ, ಸಸಿಯನ್ನು ಇನ್ನೂ ಹಿಡಿದುಕೊಂಡೇ. "ಒಂದು ಪಾತಿಯಷ್ಟು ಬಿಡೋಣ ಅಕ್ಕನಿಗೆ. ಬಾಗಿಲ ಮುಂದೆ."

"ಪಾತಿ ಬೇಡ. ಪಾಲು ಬೇಕು. ಸಮ ಪಾಲು."

"ಒಬ್ಬಳಿಗೆ ಅಷ್ಟು ಯಾಕೆ?" ಅಂದರು ನಿನ್ನ ತಾತ. ಬರೆದುಕೋ, ಹಾಗೇ ಬರೆದುಕೋ, ಅವರು ಅಂದದ್ದನ್ನು ನಾನು ತೊಳೆದು ಕೊಡುವುದಿಲ್ಲ.

"ಪಾಲಿಗೆ ನೀನೂ ಒಬ್ಬನೇ ಅಲ್ವಾ? ನಿಂಗೆ ಅಷ್ಟು ಯಾಕೆ?"

ಅಣ್ಣ ಸಿಕ್ಕಿಬಿದ್ದದ್ದು ನೋಡಿ ತಮ್ಮನಿಗೆ ಒಳಗೊಳಗೇ ಸಂತೋಷವಾಯಿತು, ಅವನ ಮೂಗಿನ ಹೊಳ್ಳೆ ನೋಡಿದರೇ ಗೊತ್ತಾಗುತ್ತಿತ್ತು. ಹೀಗೇ ಇದ್ದರು ಅವರು. ನಾನು ಸಾಲಿನ ಮಧ್ಯೆ ಅವಳನ್ನು ಮುಟ್ಟಿದೆ, ಕೊನೆಯ ಗುಣಿಯಲ್ಲಿ ಇಬ್ಬರ ಕೈಯೂ ಸೇರಿತು. ಹಿತ್ತಿಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಗೆರೆ ಹಸಿರು. ನಾಳೆ ಪಾಯ ತೋಡಬೇಕಾದರೆ ಅಷ್ಟನ್ನೂ ಕೀಳಬೇಕು. ಒಂದನ್ನು ಕಿತ್ತವನೇ ಇನ್ನೂ ಒದ್ದಾಡುತ್ತಿದ್ದ.

ಮೇಸ್ತ್ರಿ ಕರಣೆಯನ್ನು ಚೀಲಕ್ಕೆ ಹಾಕಿ ಎದ್ದ. "ಸಾರ್, ನನಗೇನು, ಒಂದು ಗೋಡೆ ಅಂದ್ರೆ ಒಂದು, ಎರಡು ಅಂದ್ರೆ ಎರಡು ಕಟ್ತೀನಿ. ಆದ್ರೆ ಈ ಗಿಡ ಕಿತ್ತು ಪಾಯ ತೋಡು ಅಂದ್ರೆ ನಾಳೆ ಬರಲ್ಲ. ನನ್ನ ಮನೇಲೂ ಅಕ್ಕ ಒಬ್ಬಳಿದಾಳೆ. ಸುದ್ದಿ ತಿಳಿದ್ರೆ ನನ್ನ ಒಳಗೆ ಬಿಡಲ್ಲ."

ಕೊನೆಗೆ ಮೈದುನನೇ ಜೇಬಿನಿಂದ ಟೇಪು ತೆಗೆದ. ಸಸಿಯನ್ನು ಏನು ಮಾಡುವುದು ತಿಳಿಯದೆ ನಿನ್ನ ತಾತನ ಕೈಗೆ ಕೊಟ್ಟ. ಈಗ ಅವರು ಹಿಡಿದುಕೊಂಡು ನಿಂತರು. ಮೈದುನ ಹಿತ್ತಿಲಿನ ಅಗಲವನ್ನು ಮೂರು ಭಾಗ ಮಾಡಿ ನೆಲದ ಮೇಲೆ ಗುರುತು ಹಾಕಿ, ಒಂದು ಸಲ ನೋಡಿ, ಇನ್ನೊಂದು ಸಲ ಅಳೆದು, ತನಗೆ ತಾನೇ ಅನ್ನುವ ಹಾಗೆ ಅಂದ: "ಮೂರು ಭಾಗ ಮಾಡಿದ್ರೆ ಆ ಸಾಲು ನಡುವಿನ ಭಾಗದ ಸರಿಯಾದ ಮಧ್ಯಕ್ಕೇ ಬರುತ್ತೆ. ಒಂದೂ ಕೀಳೋ ಹಾಗಿಲ್ಲ." ಲೇತಿನವನಿಗೆ ಲೆಕ್ಕ ಕೂಡಿಬಂದರೆ ಎಲ್ಲ ಸಿಟ್ಟೂ ಇಳಿಯುತ್ತದೆ. ನಿನ್ನ ತಾತನಿಗೆ ಇಳಿಯಲಿಲ್ಲ. "ಹಾಗಾದ್ರೆ ಮೊದಲೇ ಲೆಕ್ಕ ಹಾಕಿ ನೆಟ್ಟಿದಾಳೆ" ಅಂದರು.

"ಹಾಕಿದೀನಿ," ಅಂದಳು ಗೋಂದತ್ತೆ. "ನೀವು ಹಾಕ್ಲಿಲ್ಲ, ನಾನು ಹಾಕಿದೆ."

ಮೇಸ್ತ್ರಿ ಗೂಟ ಕಿತ್ತು ಎರಡು ದಾರ ಕಟ್ಟಿದ, ಅವಳ ಬಾಗಿಲಿನ ಆ ಪಕ್ಕಕ್ಕೊಂದು, ಈ ಪಕ್ಕಕ್ಕೊಂದು. ಮೊಳೆಯನ್ನು ಅವನೇ ಕಿತ್ತು ಹೊಸ್ತಿಲಿನ ತೂತಿಗೆ ಒಂದು ಚಿಟಿಕೆ ಗಾರೆ ಮೆತ್ತಿದ. ಆಮೇಲೆ ಗೋಡೆಗಳೂ ಎದ್ದವು. ಓಣಿಯ ಕಡೆಗೆ ಅವಳು ಇನ್ನೊಂದು ಬಾಗಿಲು ಒಡೆಸಿಕೊಂಡಳು, ಯಾರ ಮನೆಯನ್ನೂ ಹಾಯದೆ ಬಂದು ಹೋಗುವ ಹಾಗೆ. ನಿನ್ನ ತಾತ ಅಂಗಡಿಯಲ್ಲಿ ಕೂತು ವರ್ಷಗಟ್ಟಲೆ, "ತಂಗಿಗೆ ಹಿತ್ತಿಲಲ್ಲಿ ಸಮ ಪಾಲು ಕೊಟ್ಟೆ, ಈಗಿನ ಕಾಲದಲ್ಲಿ ಯಾರು ಕೊಡ್ತಾರೆ" ಅಂತ ಗಿರಾಕಿಗಳ ಮುಂದೆ ಹೇಳಿಕೊಂಡರು. ಕೊಟ್ಟರಂತೆ. ನನ್ನ ಸಿಟ್ಟು ಆರದೆ ಇರುವುದು ಆ ಒಂದು ಮಾತಿಗೆ. ನಾನು ಅಲ್ಲೇ ಇದ್ದರೆ, "ಕೊಟ್ಟಿದ್ದಲ್ಲ, ಬಿಟ್ಟಿದ್ದು" ಅಂತ ಗಿರಾಕಿಗಳ ಎದುರಿಗೇ ತಿದ್ದುತ್ತಿದ್ದೆ.

ಆದರೆ ಆ ಸಂಜೆಯದು ಇನ್ನೂ ಸ್ವಲ್ಪ ಇದೆ. ಮೇಸ್ತ್ರಿ ಹೋದ. ಮೈದುನ ಒಳಗೆ ಹೋಗಿ ಹೆಂಡತಿಯ ಕೈಲಿ ಬೈಸಿಕೊಂಡ. ಬೆಳಕು ಕಡಿಮೆಯಾಗಿತ್ತು, ತಟ್ಟೆಯಲ್ಲಿ ಬದನೆ ಸಸಿಗಳು ಉಳಿದಿದ್ದವು. ಅವಳು ಎರಡು ದಾರಗಳ ನಡುವೆ ಕೂತು ನೆಡುತ್ತಲೇ ಇದ್ದಳು, ಮಣ್ಣಿಗೆ ಮುಖ ತಾಗಿಸಿಕೊಂಡು. ನಿನ್ನ ತಾತ ಒಳಗೆ ಹೋಗಿ ಲಾಟೀನು ಹಚ್ಚಿಕೊಂಡು ಬಂದರು. ಇನ್ನೊಂದು ಕೈಯಲ್ಲಿ ಆ ಟೊಮೆಟೊ ಸಸಿ. ಒಂದು ಕಾಲೆತ್ತಿ ದಾರ ದಾಟಲು ಹೊರಟರು.

"ಕೇಳ್ಕೊಂಡು ಬಾ," ಅಂದಳು ಅವಳು, ತಲೆ ಎತ್ತದೆ.

ಎತ್ತಿದ ಕಾಲನ್ನು ಅವರು ಹಿಂದಕ್ಕೆ ಇಟ್ಟರು. ಆ ಮನುಷ್ಯ ತನ್ನ ಹಿತ್ತಿಲಲ್ಲಿ ಯಾರನ್ನೂ ಏನನ್ನೂ ಕೇಳಿದವರಲ್ಲ. ಆಮೇಲೆ, "ಬರ್ಲಾ?" ಅಂದರು.

ಅವಳು ಕೈಯಲ್ಲಿದ್ದ ಸಸಿಗೆ ಮಣ್ಣು ಒತ್ತಿ ಮುಗಿಸಿದಳು. ಮುಂದಿನ ಗುಣಿ ತೋಡಿದಳು. ಕೈ ಚಾಚಿ ಅವರ ಕೈಯಿಂದ ಟೊಮೆಟೊ ಸಸಿ ತೆಗೆದುಕೊಂಡಳು.

"ಬೇಡ," ಅಂದಳು. "ಅಲ್ಲಿಂದ್ಲೇ ಬೆಳಕು ಹಿಡಿ."